ಅವರು ಏನು ಹೇಳಿದರು?

ಕಳೆದ ಶನಿವಾರದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಅದೇ ಮಾತು ಕಿವಿಯಲ್ಲಿ. ಕೇಳಿದವರು ಬೆಲ್ಜಿಯಂನ ಒಬ್ಬ ಹೆಂಗಸು. ಅರವತ್ತು ದಾಟಿದವರು, ತಮ್ಮ ಊರಿನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸಿ ನಿವೃತ್ತರಾದವರು. ನನ್ನ ಚಿಕ್ಕಪ್ಪನ ಮಗನ ಹೋಂಸ್ಟೇಯಲ್ಲಿ ಹತ್ತು ದಿನ ಇರಲು ಬಂದಿದ್ದರು. ಭಾನುವಾರ ವಿರಾಜಪೇಟೆಯಲ್ಲಿ ನಮ್ಮ ಒಕ್ಕದ, ಅಂದರೆ ನಮ್ಮ ಮನೆತನದ, ಹುಡುಗಿಯ ಮದುವೆ. ಅತಿಥಿಯನ್ನೂ ಕರೆದುಕೊಂಡು ಹೋಗೋಣ, ಕೊಡವ ಸೀರೆ ಉಡಿಸೋಣ ಎಂದು ತಮ್ಮ ನಿಶ್ಚಯಿಸಿದ. ಉಡಿಸುವ ಕೆಲಸ ನನ್ನ ಪಾಲಿಗೆ ಬಂತು.

ನನಗೆ ಉಡಿಸಲು ಬರುವುದಿಲ್ಲ. ಆದ್ದರಿಂದ ಮೂರ್ನಾಡಿನ ಹತ್ತಿರ ಇರುವ ಮಾವಿಯ ಮನೆಗೆ ಅವರನ್ನು ಕರೆದೊಯ್ದೆ. ಸೋದರತ್ತೆಯನ್ನು ನಾವು ಮಾವಿ ಎನ್ನುತ್ತೇವೆ. ಮಾವಿಗೆ ಈಗ ಎಂಬತ್ತಮೂರು. ಇಂದಿಗೂ ನಸುಕಿನಲ್ಲಿ ಎದ್ದು, ಲೈಟ್ ಕೂಡ ಹಾಕದೆ ಸೀರೆ ಉಟ್ಟು ಹೊರಬರುತ್ತಾರೆ. ಒಂದು ಪಿನ್ನೂ ಇರುವುದಿಲ್ಲ. ನೆರಿಗೆ ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿರುತ್ತದೆ, ಸೆರಗು ಎಡ ತೋಳಿನ ಕೆಳಗಿನಿಂದ ಎದೆಯ ಮೇಲೆ ಬಂದು ಬಲ ಹೆಗಲಿನ ಮೇಲೆ ಗಂಟಾಗಿ ನಿಂತಿರುತ್ತದೆ. ತಲೆಯ ವಸ್ತ್ರ ಹಣೆಗೆ ಹೊಂದಿಕೊಂಡು ಹಿಂದೆ ಕತ್ತಿನ ಬಳಿ ಇಳಿದಿರುತ್ತದೆ.

ಆ ಹೆಂಗಸು ಮೊದಲು ಆಡಿದ ಮಾತು ನನಗೆ ಹಿಡಿಸಲಿಲ್ಲ. ಮಾವಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಎಂಥ ಸುಂದರ ಕಾಸ್ಟ್ಯೂಮ್ ಎಂದರು. ಕಾಸ್ಟ್ಯೂಮ್ ಅಲ್ಲ, ಇದು ಅವರು ದಿನವೂ ಉಡುವ ಬಟ್ಟೆ ಎಂದು ನಾನು ಸ್ವಲ್ಪ ಬಿಗಿಯಾಗಿಯೇ ಹೇಳಿದೆ. ಅವರು ಒಡನೆಯೇ ಕ್ಷಮೆ ಕೇಳಿದರು. ಆಮೇಲೆ ಕೇಳದೆಯೇ ಮಾವಿಯ ವಸ್ತ್ರದ ಅಂಚನ್ನು ಬೆರಳಿನಿಂದ ಎತ್ತಿ ಹೊಲಿಗೆ ನೋಡಿದರು. ಅದೂ ನನಗೆ ಸರಿ ಕಾಣಲಿಲ್ಲ. ಮಾವಿ ಮಾತ್ರ ನೋಡಲಿ ಬಿಡು ಎಂಬಂತೆ ಸುಮ್ಮನೆ ನಿಂತಿದ್ದರು. ಸಂತೆಯಲ್ಲಿ ಬಟ್ಟೆಯನ್ನು ಹೀಗೇ ಅಲ್ಲವೇ ನೋಡುವುದು ಎಂದು ಆಮೇಲೆ ನನ್ನನ್ನೇ ಕೇಳಿದರು.

ಮಾವಿ ಪೆಟ್ಟಿಗೆಯಿಂದ ಅರಿಶಿನ ಬಣ್ಣದ ಒಂದು ರೇಷ್ಮೆ ಸೀರೆ ತೆಗೆದರು. ಕೋಣೆಯ ತುಂಬ ನುಸಿಗುಳಿಗೆಯ ವಾಸನೆ. ಹೇಗೆಂದು ತೋರಿಸಲು ತಾವು ಉಟ್ಟ ಸೀರೆಯನ್ನೇ ಅರ್ಧ ಬಿಚ್ಚಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ನೆರಿಗೆ ಹಿಡಿಯತೊಡಗಿದರು. ಕಣ್ಣು ಕಿಟಕಿಯಾಚೆ ಕಾಫಿ ತೋಟದ ಮೇಲಿತ್ತು, ಕೈ ಹಿಂದೆ ತನ್ನ ಪಾಡಿಗೆ ಓಡುತ್ತಿತ್ತು. ಆ ಹೆಂಗಸು ಸುತ್ತು ಬಂದು ಬೆನ್ನ ಹಿಂದೆ ಮಂಡಿಯೂರಿ ಕುಳಿತು ಬೆರಳುಗಳನ್ನೇ ನೋಡುತ್ತಿದ್ದರು. ಆಗ ಕೇಳಿದರು, ನೆರಿಗೆ ಹಿಂದೆ ಯಾಕೆ?

ಅವರ ಕೈ ಮಾವಿಯ ಸೊಂಟದತ್ತ ಇದ್ದುದರಿಂದ ಏನು ಕೇಳುತ್ತಿದ್ದಾರೆ ಎಂಬುದು ಮಾವಿಗೆ ಇಂಗ್ಲಿಷ್ ಬಾರದಿದ್ದರೂ ತಿಳಿಯಿತು. ನಮ್ಮ ಭಾಷೆ ಕೊಡವ ತಕ್ಕಿನಲ್ಲಿ ಎರಡು ವಾಕ್ಯ ಹೇಳಿದರು. ನಾನು ಅದಕ್ಕೆ ಕಿವಿಗೊಡಲಿಲ್ಲ. ಉತ್ತರ ನನ್ನ ಬಾಯಿಯಲ್ಲಿ ಆಗಲೇ ಸಿದ್ಧವಾಗಿತ್ತು. ಅಗಸ್ತ್ಯರ ಕಮಂಡಲು, ಬಿಟ್ಟುಹೋಗಬಾರದೆಂಬ ಕಾವೇರಿಯ ಷರತ್ತು, ಮುನಿ ಸ್ನಾನಕ್ಕೆ ಹೋದಾಗ ಅವಳು ನದಿಯಾಗಿ ಹೊರಟದ್ದು, ತಡೆಯಲು ಜನರೆಲ್ಲ ಬಲಮುರಿಯಲ್ಲಿ ನೀರಿಗಿಳಿದದ್ದು, ಪ್ರವಾಹದ ರಭಸಕ್ಕೆ ಹೆಂಗಸರ ಮುಂದಿನ ನೆರಿಗೆ ಹಿಂದಕ್ಕೆ ಸರಿದದ್ದು, ಅಂದಿನಿಂದ ಕೊಡವತಿಯರು ನೆರಿಗೆಯನ್ನು ಹಿಂದೆಯೇ ಇಟ್ಟುಕೊಂಡದ್ದು. ಬಲಮುರಿ ಇಲ್ಲಿಂದ ದೂರವೇನಿಲ್ಲ, ನಾಳೆ ತೋರಿಸುತ್ತೇನೆ ಎಂದೂ ಸೇರಿಸಿದೆ. ಚೆನ್ನಾಗಿಯೇ ಹೇಳಿದೆ. ಬಂದುಹೋಗುವವರಿಗೆಲ್ಲ ಹೇಳಿ ಹೇಳಿ ನನಗೆ ಅದು ಬಾಯಿಪಾಠ.

ಅವರು ಪೂರ್ತಿ ಕೇಳಿಸಿಕೊಂಡರು. ನಡುವೆ ಒಂದು ಮಾತೂ ಆಡಲಿಲ್ಲ. ಕಥೆ ಮುಗಿದ ಮೇಲೆ ಚೆನ್ನಾಗಿದೆ ಎಂದು ತಲೆಯಾಡಿಸಿ, ಮಾವಿಯತ್ತ ಕೈ ತೋರಿಸಿ ಕೇಳಿದರು: “ಆದರೆ ಅವರು ಏನೋ ಹೇಳಿದರಲ್ಲ. ಅವರು ಏನು ಹೇಳಿದರು?”

ನನ್ನಲ್ಲಿ ಉತ್ತರವಿರಲಿಲ್ಲ. ಮಾವಿಯತ್ತ ತಿರುಗಿ ಏನು ಹೇಳಿದಿರಿ ಎಂದು ಕೇಳಬೇಕಾಯಿತು. ಮಾವಿ ಅದೇ ಮಾತನ್ನು ಮತ್ತೊಮ್ಮೆ, ಸ್ವಲ್ಪ ನಿಧಾನವಾಗಿ ಹೇಳಿದರು. ಕನ್ನಡದಲ್ಲಿ ಬರೆದರೆ ಹೀಗೆ: “ಮುಂದೆ ಯಾವಾಗಲೂ ಏನಾದರೂ ಇರುತ್ತಿತ್ತಲ್ಲ, ಮಗು, ಬುಟ್ಟಿ, ಒಲೆ. ನೆರಿಗೆಗೆ ಜಾಗ ಎಲ್ಲಿತ್ತು?”

ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಆ ಹೆಂಗಸು ನೆಲದ ಮೇಲೆ ಕುಳಿತಲ್ಲೇ ಇನ್ನೊಂದು ಪ್ರಶ್ನೆ ಕೇಳಿದರು, ಒಲೆ ಎಂದರೆ ಹೇಗಿತ್ತು? ಮಾವಿ ಹೇಳುತ್ತ ಹೋದರು, ನಾನು ತಿರುಗಿಸುತ್ತ ಹೋದೆ. ಪಕ್ಕದ ಮನೆಗೆ ಬಯಲುಸೀಮೆಯಿಂದ ಸೊಸೆಯಾಗಿ ಬಂದ ಹುಡುಗಿಯೊಬ್ಬಳು, ನೆರಿಗೆ ಮುಂದಿಟ್ಟು ಉಡುತ್ತಿದ್ದವಳು, ಒಲೆಯ ಮುಂದೆ ಕುಕ್ಕುರು ಕುಳಿತು ಅಕ್ಕಿಯ ಉಂಡೆ ಕಡಂಬುಟ್ಟು ಇಳಿಸುವಾಗ ನೆರಿಗೆಯ ತುದಿಗೆ ಬೆಂಕಿ ತಗಲಿತಂತೆ. ನೀರಿನ ಹಂಡೆ ಹೊರಗಿತ್ತು. ಮಾವಿ ಕೈಗೆ ಸಿಕ್ಕ ಮಜ್ಜಿಗೆಯ ಗಡಿಗೆಯನ್ನೇ ಅವಳ ಮೇಲೆ ಸುರಿದು ಆರಿಸಿದರಂತೆ. ಮರುದಿನ ಆ ಹುಡುಗಿ ಮಾವಿಯ ಹತ್ತಿರ ಬಂದು, ನನಗೂ ಹಿಂದೆ ನೆರಿಗೆ ಇಡಲು ಕಲಿಸಿ ಎಂದಳಂತೆ. ಹಸಿ ಸುಟ್ಟಗಾಯದ ಮೇಲೆ ಬಟ್ಟೆ ತಾಗದ ಹಾಗೆ ಅವಳಿಗೆ ಸೀರೆ ಉಡಿಸಿದ್ದನ್ನು ಮಾವಿ ಕೈಯಲ್ಲೇ ಮಾಡಿ ತೋರಿಸಿದರು.

ನನಗೆ ಐವತ್ತೆರಡು ವರ್ಷ. ಮಾವಿಯ ಮಡಿಲಲ್ಲಿ ಬೆಳೆದವಳು. ಈ ಕಥೆಯನ್ನು ನಾನು ಕೇಳಿರಲಿಲ್ಲ, ಏಕೆಂದರೆ ನೆರಿಗೆ ಹಿಂದೆ ಯಾಕೆ ಎಂದು ನಾನು ಅವರನ್ನು ಎಂದೂ ಕೇಳಿರಲಿಲ್ಲ. ಉತ್ತರ ಗೊತ್ತಿದೆ ಎಂದುಕೊಂಡಿದ್ದೆ. ಬಲಮುರಿಯ ಕಥೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ತುಲಾ ಸಂಕ್ರಮಣದ ಹೊತ್ತಿಗೆ ತಲಕಾವೇರಿಯ ಕುಂಡಿಕೆಯಲ್ಲಿ ನೀರು ಉಕ್ಕುವುದನ್ನು ಕಾಯುತ್ತ ನಿಂತಾಗ ನನ್ನ ಮೈ ಈಗಲೂ ನಡುಗುತ್ತದೆ. ಆದರೆ ಈ ವಾರವೆಲ್ಲ ಎರಡನ್ನೂ ಜೊತೆಯಲ್ಲಿಟ್ಟು ಯೋಚಿಸಿದಾಗ ಅನ್ನಿಸಿದ್ದು, ಆ ಕಥೆಯಲ್ಲಿಯೂ ಹೆಂಗಸರ ಕೈ ಖಾಲಿ ಇರಲಿಲ್ಲ. ಹೊರಟು ನಿಂತ ನದಿಯನ್ನು ಅವರು ಎರಡೂ ಕೈಗಳಿಂದ ಹಿಡಿದಿದ್ದರು. ಸರಿದುಹೋದ ನೆರಿಗೆಯನ್ನು ಮುಂದಕ್ಕೆ ಎಳೆದುಕೊಳ್ಳಲು ಯಾರಿಗೆ ಪುರಸೊತ್ತಿತ್ತು?

ಆಮೇಲೆ ಉಡಿಸುವ ಪಾಠ. ಸೇಫ್ಟಿ ಪಿನ್ನಿನ ಡಬ್ಬಿ ತಂದಿದ್ದೆ. ಆ ಹೆಂಗಸು ಬೇಡವೆಂದರು. ಮಾವಿ ಅವರ ಕೈಗಳನ್ನು ಹಿಡಿದು ಬೆನ್ನ ಹಿಂದಕ್ಕೆ ಒಯ್ದು, ಹೆಬ್ಬೆರಳು ಎಲ್ಲಿ, ಕಿರುಬೆರಳು ಎಲ್ಲಿ ಎಂದು ಕೂರಿಸಿದರು. ಭಾಷೆ ಬೇಕಾಗಲಿಲ್ಲ. ಎರಡು ಸಲ ಬಿಚ್ಚಿಹೋಯಿತು, ಮೂರನೆಯ ಸಲ ನಿಂತಿತು. ಸಂತೋಷದಿಂದ ಕೆಂಪಾದ ಮುಖದಲ್ಲಿ ನನ್ನ ಕಡೆ ನೋಡಿ, ನೀವು ಎಷ್ಟು ವಯಸ್ಸಿಗೆ ಕಲಿತಿರಿ ಎಂದರು. ನನಗೆ ಬರುವುದಿಲ್ಲ ಎಂದೆ. ನನ್ನ ಅವ್ವ ಇರುವವರೆಗೆ ಅವ್ವ ಉಡಿಸುತ್ತಿದ್ದರು, ಈಗ ತಂಗಿ ನೆರಿಗೆ ಹಿಡಿದು ಪಿನ್ ಹಾಕುತ್ತಾಳೆ. ವರ್ಷಕ್ಕೆ ನಾಲ್ಕೈದು ಸಲ, ಮದುವೆಗೆ, ಸುಗ್ಗಿಯ ಹಬ್ಬ ಪುತ್ತರಿಗೆ. ಉಳಿದ ದಿನ ಚೂಡಿದಾರ. ಕಾಸ್ಟ್ಯೂಮ್ ಎಂಬ ಮಾತಿಗೆ ಬೆಳಿಗ್ಗೆ ನಾನು ಸಿಡುಕಿದ್ದು ನೆನಪಾಯಿತು. ಮಾವಿಯ ಮೈಮೇಲೆ ಅದು ಬಟ್ಟೆ ಎಂಬುದು ನಿಜ. ನನ್ನ ಮೈಮೇಲೆ ಅದು ಏನು ಎಂದು ಆ ಹೆಂಗಸು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ತಿಳಿಯದು.

ಭಾನುವಾರದ ಮದುವೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವಾಲಗ ಜೋರಾಗಿತ್ತು, ಪಂದಿ ಕರಿ ರುಚಿಯಾಗಿತ್ತು, ಮದುಮಗಳು ಕೆಂಪು ಸೀರೆಯಲ್ಲಿ ಕಳೆಕಳೆಯಾಗಿದ್ದಳು. ಬರೆಯಬೇಕಾದ್ದು ಒಂದೇ. ಬಾಗಿಲಲ್ಲೇ ಜನ ಆ ಹೆಂಗಸನ್ನು ಮುತ್ತಿಕೊಂಡರು. ನೋಡಿ, ವಿದೇಶದವರು ಕೂಡ ನಮ್ಮ ಸೀರೆ ಉಟ್ಟಿದ್ದಾರೆ ಎಂದು ಒಬ್ಬರ ಹಿಂದೆ ಒಬ್ಬರು ಮೊಬೈಲ್ ಎತ್ತಿದರು. ತಮ್ಮನಿಗೆ ತನ್ನ ಹೋಂಸ್ಟೇಗೆ ಒಂದು ಒಳ್ಳೆಯ ಚಿತ್ರ ಬೇಕಿತ್ತು. ಫೋಟೊ ತೆಗೆಯುವ ಹುಡುಗನನ್ನು ಕರೆದು ನಿಲ್ಲಿಸಿದ. ಅವರ ಪಕ್ಕದಲ್ಲಿ ಮಾವಿ ಇದ್ದರು. ಹುಡುಗ ಕ್ಯಾಮೆರಾದಿಂದ ಕಣ್ಣು ತೆಗೆಯದೆ, “ಅಜ್ಜಿ, ನೀವು ಸ್ವಲ್ಪ ಆಚೆ” ಎಂದ. ಮಾವಿ ಆಚೆ ಸರಿದರು. ಕುತ್ತಿಗೆಯಲ್ಲಿ ಅವರ ಅವ್ವನ ಕಾಲದ ಜೋಮಾಲೆ, ಕೊಕ್ಕೆತಾತಿ. ಅದೆಲ್ಲವನ್ನೂ ಹಾಕಿಕೊಂಡು ಗೋಡೆಗೆ ಒತ್ತಿ ನಿಂತರು.

ತಮ್ಮ ಕೆಟ್ಟವನಲ್ಲ. ಕಾಫಿಯ ದರ ಏರಿಳಿಯುವಾಗ, ಆನೆ ನುಗ್ಗಿ ತೋಟ ತುಳಿದಾಗ ಆ ಮನೆಯನ್ನು ಹಿಡಿದು ನಿಲ್ಲಿಸಿದ್ದು ಹೋಂಸ್ಟೇ. ಆ ದುಡ್ಡಿನಲ್ಲಿಯೇ ಒಕ್ಕದ ಹಿರಿಮನೆಯಾದ ಐನ್‌ಮನೆಯ ಮಾಡು ರಿಪೇರಿಯಾಯಿತು. ಆದರೆ ಆ ಕ್ಷಣ ನನಗೆ ಅವನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಬಟ್ಟೆಗೆ ಬೆಲೆ ಬರಲು ಬೇರೆಯವರ ಮೈ ಬೇಕಾಯಿತು, ಅದನ್ನು ಕಾಪಾಡಿಕೊಂಡು ಬಂದ ಮೈ ಚಿತ್ರಕ್ಕೆ ಅಡ್ಡವಾಯಿತು. ಹೇಳಬೇಕಾದ ಇನ್ನೊಂದು ಮಾತಿದೆ. ಆ ಹುಡುಗ ಭಾನುವಾರ ಮಾಡಿದ್ದನ್ನೇ ನಾನು ಶನಿವಾರ ಮಾಡಿದ್ದೆ. ಅವನು ಮಾವಿಯನ್ನು ಚಿತ್ರದಿಂದ ಸರಿಸಿದ, ನಾನು ಮಾತಿನಿಂದ ಸರಿಸಿದ್ದೆ.

ಆ ರಾತ್ರಿ ನಿದ್ದೆ ಬಾರದೆ ಗೌರಮ್ಮನ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ನೋಡಿದೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಜ್ಯವನ್ನು ಕಸಿದುಕೊಂಡ ಮೇಲೆ ಹುಟ್ಟಿದವಳು. 1852ರಲ್ಲಿ ಅರಸ ಮಗಳನ್ನು ಇಂಗ್ಲೆಂಡಿಗೆ ಕರೆದೊಯ್ದ. ಅದೇ ವರ್ಷ ಆಕೆಯನ್ನು ಕ್ರೈಸ್ತಳನ್ನಾಗಿ ಮಾಡಿದರು, ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು, ಆಸ್ಥಾನಕ್ಕೆ ಚಿತ್ರ ಬರೆಯುತ್ತಿದ್ದ ವಿಂಟರ್‌ಹಾಲ್ಟರ್ ಹುಡುಗಿಯನ್ನು ಭಾರತದ ಉಡುಗೆ ಒಡವೆಗಳಲ್ಲಿ ನಿಲ್ಲಿಸಿ ಬರೆದ. ಧರ್ಮ, ಹೆಸರು ಎಲ್ಲವನ್ನೂ ಬದಲಿಸಿದವರಿಗೆ ಚಿತ್ರದಲ್ಲಿ ಮಾತ್ರ ಅವಳ ನಾಡಿನ ಬಟ್ಟೆಯೇ ಬೇಕಾಯಿತು. ಅರಮನೆಯವರು ಲಿಂಗಾಯತರು, ನಮ್ಮ ಸೀರೆಗೂ ಆ ಉಡುಗೆಗೂ ನೇರ ಸಂಬಂಧವಿಲ್ಲ. ಆದರೂ ಆ ಮುಖವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಹತ್ತು ಹನ್ನೊಂದರ ಹುಡುಗಿ. ಆ ಬಟ್ಟೆ ಉಡಿಸುವಾಗ, ಬಣ್ಣ ಒಣಗುವವರೆಗೆ ನಿಂತಿರುವಾಗ ಅವಳೂ ಏನಾದರೂ ಹೇಳಿರಬೇಕು. 1864ರಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತಮೂರು ಕೂಡ ತುಂಬಿರಲಿಲ್ಲ.

ಆಮೇಲೆ ನಮ್ಮ ಮನೆಯ ಆಲ್ಬಮ್‌ಗಳನ್ನೆಲ್ಲ ಕೆಳಗಿಳಿಸಿದೆ. ಮದುವೆ, ಕೈಲ್ ಪೊಳ್ದ್ ಹಬ್ಬ, ಪುತ್ತರಿ, ನಾಮಕರಣ. ನೂರಾರು ಚಿತ್ರಗಳು. ಎಲ್ಲವೂ ಎದುರಿನಿಂದ ತೆಗೆದವು. ಅವ್ವನ ಮುಖ ಇದೆ, ಕೊರಳ ಪತ್ತಾಕ್ ಇದೆ, ಹೆಗಲ ಮೇಲಿನ ಗಂಟು ಇದೆ. ನೆರಿಗೆ ಎಲ್ಲಿಯೂ ಇಲ್ಲ. ಕೊಡವ ಸೀರೆ ಎಂದರೆ ಹಿಂದಿನ ನೆರಿಗೆ ಎಂದು ಜಗತ್ತಿಗೆಲ್ಲ ಹೇಳುವ ನಾವು ಅದರ ಒಂದು ಚಿತ್ರವನ್ನೂ ತೆಗೆದಿಟ್ಟುಕೊಂಡಿರಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಒಂದು ಸಿಕ್ಕಿತು. ಯಾರದೋ ಮದುವೆಯಲ್ಲಿ ಮದುಮಗಳು ನೀರು ತರುವ ಶಾಸ್ತ್ರ, ನೀರ್ ಎಡ್‌ಪ. ಮದುಮಗಳು ತಲೆಯ ಮೇಲೆ ಬಿಂದಿಗೆ ಹೊತ್ತು ನಿಂತಿದ್ದಾಳೆ, ಎದುರಿಗೆ ದಾರಿ ಅಡ್ಡಗಟ್ಟಿ ಕುಣಿಯುವವರು. ಚಿತ್ರದ ಮೂಲೆಯಲ್ಲಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ, ಯಾರಿಗೋ ಏನನ್ನೋ ಕೊಡಲು ಬಾಗಿದ ಒಬ್ಬ ಹೆಂಗಸು. ವಸ್ತ್ರ ಕಟ್ಟಿದ ರೀತಿಯಿಂದ ಅವ್ವ ಎಂದು ಗುರುತಿಸಿದೆ. ಸೊಂಟದಿಂದ ಹಿಮ್ಮಡಿಯವರೆಗೆ ಒಂದರ ಮೇಲೆ ಒಂದು ಕೂತ ಆರು ನೆರಿಗೆ. ಸೊಂಟದ ಪಕ್ಕದಿಂದ ಒಂದು ಪುಟ್ಟ ಕಾಲು ಇಣುಕಿದೆ. ಅವ್ವ ಮುಂದೆ ಮಗುವನ್ನು ಎತ್ತಿಕೊಂಡಿದ್ದರು. ಆ ಕಾಲು ನನ್ನದೋ ತಂಗಿಯದೋ ತಿಳಿಯುವುದಿಲ್ಲ.

ಬೆಲ್ಜಿಯಂನವರು ಗುರುವಾರ ಹೊರಟರು. ಮಾವಿಗೆ ತಮ್ಮ ಹೊಲಿಗೆಯ ಸಣ್ಣ ಕತ್ತರಿಯನ್ನು ಕೊಟ್ಟು ಹೋದರಂತೆ. ನಿನ್ನೆ ಆ ಚಿತ್ರವನ್ನೂ ಅವ್ವನ ಒಂದು ಹತ್ತಿ ಸೀರೆಯನ್ನೂ ಹಿಡಿದುಕೊಂಡು ಮಾವಿಯ ಮನೆಗೆ ಹೋದೆ. ಚಿತ್ರವನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೈಯಲ್ಲಿ ಏನು ಕೊಡುತ್ತಿದ್ದಾಳೆ ಎಂದು ಕೇಳಿದೆ. ಗೊತ್ತಿಲ್ಲ, ಆದರೆ ಈ ಸೀರೆ ನನ್ನದು, ಅವಳು ಹಿಂತಿರುಗಿಸಲೇ ಇಲ್ಲ ಎಂದರು. ಆಮೇಲೆ ಎದ್ದು ಹೋಗಿ ಕಪಾಟಿನ ಕನ್ನಡಿಯ ಮೇಲೆ ಒಂದು ಟವೆಲ್ ಹಾಕಿ ಬಂದು, ಕೈ ಹಿಂದಕ್ಕೆ ತೆಗೆದುಕೊಂಡು ಹೋಗು ಎಂದರು.