ಇಲ್ಲ, ನಂಬಲ್ಲ. ಈಗ ಪೂರ್ತಿ ಕೇಳಿ

"ಏಲಿಯನ್‌ಗಳು ಮನುಷ್ಯರನ್ನು ಎತ್ತಿಕೊಂಡು ಹೋಗ್ತವೆ ಅಂತಾರಲ್ಲ, ನೀವು ನಂಬ್ತೀರಾ?"

ಇಲ್ಲ.

ಮೊದಲೆಲ್ಲ ಈ ಪ್ರಶ್ನೆಗೆ ನಗುತ್ತಾ ಉತ್ತರ ಕೊಡುತ್ತಿದ್ದೆ. ಈ ವಿಷಯದ ಬಗ್ಗೆ ಓದುತ್ತೇನೆ, ಬರೆಯುತ್ತೇನೆ, ಕರೆದ ಕಡೆ ಹೋಗಿ ಮಾತಾಡುತ್ತೇನೆ. ಜನ ಕೇಳುವುದು ಸಹಜ. ಆದರೆ ಈಗ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನು ಕಳಿಸಿ ಸುಮ್ಮನಾಗುತ್ತೇನೆ.

"ಇಲ್ಲ" ಅಂದರೆ ಅಲ್ಲಿಗೆ ಮುಗಿಯುವುದಿಲ್ಲ, ಅದೇ ತಲೆನೋವು. ನಂಬುವವರಾದರೆ "ಹಾಗಾದ್ರೆ ಅಷ್ಟೂ ಜನ ಸುಳ್ಳು ಹೇಳ್ತಿದ್ದಾರಾ?" ಅಂತ ಮೈಮೇಲೆ ಬರುತ್ತಾರೆ. ನಂಬದವರಾದರೆ ಬೆನ್ನು ತಟ್ಟಿ "ಅದೇ ಮತ್ತೆ! ಎಲ್ಲಾ ದುಡ್ಡಿಗೆ ಮಾಡೋದು, ಇಲ್ಲಾಂದ್ರೆ ತಲೆ ಕೆಟ್ಟಿರುತ್ತೆ" ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಈ ಎರಡನೆಯವರ ಮೇಲೆ ಸಿಟ್ಟು ಸ್ವಲ್ಪ ಜಾಸ್ತಿ. ನಾನೂ ಅವರ ಗುಂಪಿನವನು ಅಂದುಕೊಂಡುಬಿಡುತ್ತಾರಲ್ಲ, ಅದಕ್ಕೆ.

ಒಮ್ಮೆ ರಾತ್ರಿ ರೈಲಿನಲ್ಲಿ ಎದುರು ಸೀಟಿನವರು ನನ್ನ ಕೈಯಲ್ಲಿದ್ದ ಪುಸ್ತಕದ ಮುಖಪುಟ ನೋಡಿ ಇದೇ ಪ್ರಶ್ನೆ ಕೇಳಿದರು. ನಾನು ಪುಸ್ತಕ ಮಡಚಿಟ್ಟು, "1961ರಲ್ಲಿ ಅಮೆರಿಕದಲ್ಲಿ..." ಅಂತ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು. "ಅದೆಲ್ಲ ಬೇಡ ಸರ್. ಒಂದೇ ಮಾತಲ್ಲಿ ಹೇಳಿ." ಇಲ್ಲ ಅಂದೆ. "ಹಾಗಾದ್ರೆ ಆ ಹಾರ್ವರ್ಡ್ ಪ್ರೊಫೆಸರ್ ದಡ್ಡನಾ?" ಅಂದರು. ಒಂದೇ ಮಾತಲ್ಲಿ ಹೇಳಬೇಕು ಅನ್ನುವ ನಿಯಮ ನನಗೆ ಮಾತ್ರ ಅಂತ ಆಮೇಲೆ ಗೊತ್ತಾಯಿತು. ದೀಪ ಆರಿಸಿದ ಮೇಲೂ ಅವರು ಮಾತಾಡುತ್ತಲೇ ಇದ್ದರು.

ಆ ಪ್ರೊಫೆಸರ್ ಹೆಸರು ಜಾನ್ ಮ್ಯಾಕ್. ದಡ್ಡರಂತೂ ಅಲ್ಲವೇ ಅಲ್ಲ. ಹಾರ್ವರ್ಡ್‌ನಲ್ಲಿ ಮನೋವೈದ್ಯರಾಗಿದ್ದರು. ಟಿ. ಇ. ಲಾರೆನ್ಸ್ ಅವರ ಜೀವನಚರಿತ್ರೆ ಬರೆದು 1977ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಅಪಹರಣಕ್ಕೆ ಒಳಗಾದೆವು ಅನ್ನುವವರ ಮಾತನ್ನು ವರ್ಷಗಟ್ಟಲೆ ಕೇಳಿ 1994ರಲ್ಲಿ ಒಂದು ಪುಸ್ತಕ ತಂದರು. ಇವರ ಅನುಭವವನ್ನು ತಳ್ಳಿಹಾಕಲು ಆಗುವುದಿಲ್ಲ ಅಂದರು. ಹಾರ್ವರ್ಡ್‌ಗೆ ಇರಿಸುಮುರಿಸಾಯಿತು, ವಿಚಾರಣೆಗೆ ಸಮಿತಿ ಮಾಡಿತು. 1995ರಲ್ಲಿ, ಬೇಕಾದ ವಿಷಯವನ್ನು ಅಧ್ಯಯನ ಮಾಡುವ ಸ್ವಾತಂತ್ರ್ಯ ಅವರಿಗಿದೆ ಅಂತ ಹೇಳಿ ಕೈ ತೊಳೆದುಕೊಂಡಿತು. ಇದನ್ನೇ ಹಿಡಿದುಕೊಂಡು "ಹಾರ್ವರ್ಡ್ ಒಪ್ಪಿಕೊಂಡಿದೆ" ಅನ್ನುತ್ತಾರೆ. ಹಾರ್ವರ್ಡ್ ಒಪ್ಪಿದ್ದು ಮ್ಯಾಕ್ ಅವರ ಸ್ವಾತಂತ್ರ್ಯವನ್ನು ಸ್ವಾಮಿ, ಏಲಿಯನ್‌ಗಳನ್ನಲ್ಲ.

ಅದೇ 1994ರಲ್ಲಿ ಒಬ್ಬ ಬರಹಗಾರ್ತಿ ಟೈಮ್ ಪತ್ರಿಕೆಗೆ ಇನ್ನೊಂದು ಸಂಗತಿ ಹೇಳಿದರು. ತಾನೂ ಅಪಹರಣಕ್ಕೆ ಒಳಗಾದವಳು ಅಂತ ನಟಿಸಿ ಮ್ಯಾಕ್ ಅವರ ಗುಂಪಿಗೆ ಸೇರಿಕೊಂಡೆ, ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಹೊತ್ತಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಇಬ್ಬರನ್ನೂ ಆಕಾಶನೌಕೆಯಲ್ಲಿ ನೋಡಿದೆ ಅಂತ ಕಥೆ ಬಿಟ್ಟೆ, ಅವರು ಅದನ್ನೂ ನಂಬಿದರು ಅಂತ. ರೈಲಿನವರಿಗೆ ಇದನ್ನು ಹೇಳಿದ್ದಕ್ಕೆ, "ಆ ಹೆಂಗಸೇ ಸುಳ್ಳು ಹೇಳ್ತಿರಬಹುದಲ್ವಾ?" ಅಂದರು. ಹೇಳುತ್ತಿರಬಹುದು. ಸುಳ್ಳು ಹೇಳಿದೆ ಅಂತ ಆಕೆಯೇ ಹೇಳಿಕೊಂಡಿದ್ದಾರೆ, ಇನ್ನೆಷ್ಟು ಹೇಳಬೇಕು?

ನನ್ನ ತಕರಾರು ಇರುವುದು ಇಲ್ಲೇ. ನಿಜ ಅಥವಾ ಸುಳ್ಳು, ಎರಡೇ ಡಬ್ಬಿ. ಯಾವುದಕ್ಕಾದರೂ ಒಂದಕ್ಕೆ ಹಾಕಲೇಬೇಕು. ನಾನು ಓದಿರುವ ಕಥೆಗಳಲ್ಲಿ ಹೆಚ್ಚಿನವು ಎರಡಕ್ಕೂ ಸೇರುವುದಿಲ್ಲ.

ರೈಲಿನಲ್ಲಿ ಅರ್ಧಕ್ಕೇ ನಿಂತ 1961ರ ಕಥೆ ಇದು. ನ್ಯೂ ಹ್ಯಾಂಪ್‌ಶೈರ್, ಸೆಪ್ಟೆಂಬರ್ 19ರ ರಾತ್ರಿ. ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿ ಕೆನಡಾ ಕಡೆಯಿಂದ ರಜೆ ಮುಗಿಸಿ ಕಾರಿನಲ್ಲಿ ಮನೆಗೆ ಬರುತ್ತಿದ್ದರು. ಬಾರ್ನಿ ಅಂಚೆ ಇಲಾಖೆಯ ನೌಕರ, ಬೆಟ್ಟಿ ಸಮಾಜ ಕಾರ್ಯಕರ್ತೆ. ಅವರು ಕರಿಯರು, ಆಕೆ ಬಿಳಿಯರು, ಮತ್ತು ಅದು 1961ರ ಅಮೆರಿಕ. ಜೊತೆಗೆ ಒಂದು ನಾಯಿ. ಆಕಾಶದಲ್ಲಿ ಒಂದು ಬೆಳಕು ಹಿಂದೆಯೇ ಬಂದ ಹಾಗಾಯಿತು. ಬಾರ್ನಿ ಕಾರು ನಿಲ್ಲಿಸಿ ಬೈನಾಕ್ಯುಲರ್‌ನಲ್ಲಿ ನೋಡಿದರು. ಅದೊಂದು ನೌಕೆ, ಅದರ ಕಿಟಕಿಗಳ ಹಿಂದೆ ಯಾರೋ ನಿಂತು ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಹೆದರಿ ಓಡಿಬಂದು ಕಾರು ಹೊಡೆದರು. ಮನೆ ಸೇರಿದಾಗ ಬೆಳಗಿನ ಜಾವ. ಬಾರ್ನಿಯ ಬೂಟಿನ ತುದಿ ತರಚಿತ್ತು. ಬೆಟ್ಟಿಯ ಬಟ್ಟೆ ಹರಿದಿತ್ತು.

ಕೆಲವು ದಿನದಲ್ಲೇ ಬೆಟ್ಟಿ ಲೈಬ್ರರಿಯಿಂದ ಹಾರುವ ತಟ್ಟೆಗಳ ಬಗ್ಗೆ ಪುಸ್ತಕ ತಂದು ಓದಿದರು. ಆಮೇಲೆ ಸಾಲಾಗಿ ಕೆಟ್ಟ ಕನಸುಗಳು ಬಿದ್ದವು. ತಮ್ಮನ್ನು ಹಿಡಿದು ಒಳಗೆ ಕರೆದುಕೊಂಡು ಹೋದ ಹಾಗೆ, ಮೈಯೆಲ್ಲ ಪರೀಕ್ಷೆ ಮಾಡಿದ ಹಾಗೆ. ಆಕೆ ಅದನ್ನೆಲ್ಲ ಬರೆದಿಟ್ಟರು, ಬೇರೆಯವರಿಗೆ ಹೇಳಿದರು. ಬಾರ್ನಿಯ ಕಿವಿಗೂ ಅದು ಬೀಳುತ್ತಿತ್ತು.

ಬಾರ್ನಿಗೆ ಹೊಟ್ಟೆ ಹುಣ್ಣು, ಆತಂಕ. 1963ರ ಕೊನೆಗೆ ಇಬ್ಬರೂ ಬಾಸ್ಟನ್‌ನ ಮನೋವೈದ್ಯ ಬೆಂಜಮಿನ್ ಸೈಮನ್ ಹತ್ತಿರ ಹೋದರು. 1964ರಲ್ಲಿ ಸೈಮನ್ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಹಿಪ್ನಾಟಿಸಂ ಮಾಡಿದರು, ಅಂದರೆ ಮಂಪರಿನಂಥ ಸ್ಥಿತಿಗೆ ಇಳಿಸಿ ಆ ರಾತ್ರಿಯ ಬಗ್ಗೆ ಕೇಳಿದರು. ಆ ಸೆಷನ್‌ಗಳ ಟೇಪ್ ಇದೆ. ಬಾರ್ನಿ ತನ್ನನ್ನು ದಿಟ್ಟಿಸಿದ ಕಣ್ಣುಗಳ ಬಗ್ಗೆ ಹೇಳುತ್ತಾ ಕಿರುಚುವುದನ್ನು ಒಮ್ಮೆ ಕೇಳಿ. ನಲವತ್ತು ದಾಟಿದ ಗಂಡಸು, ವೈದ್ಯರ ಕೋಣೆಯಲ್ಲಿ, ಜೀವಭಯದಿಂದ ಕಿರುಚುತ್ತಾರೆ. ಕೇಳಿದ ಮೇಲೆ ಬಂದು "ನಾಟಕ" ಅನ್ನಿ ನೋಡೋಣ.

ಅಷ್ಟೆಲ್ಲ ಕೇಳಿಯೂ ಸೈಮನ್ ಏನು ತೀರ್ಮಾನಿಸಿದರು ಗೊತ್ತಾ? ಅಪಹರಣದ ಭಾಗ ಬೆಟ್ಟಿಯ ಕನಸಿನಿಂದ ಬಂದದ್ದು, ಅದನ್ನು ಕೇಳಿ ಕೇಳಿ ಬಾರ್ನಿಯೂ ತನ್ನದಾಗಿಸಿಕೊಂಡಿದ್ದಾರೆ ಅಂತ. ಸುಳ್ಳು ಅನ್ನಲಿಲ್ಲ. ಹುಚ್ಚು ಅನ್ನಲಿಲ್ಲ. ನಿಜ ಅಂತಲೂ ಅನ್ನಲಿಲ್ಲ.

ನಂಬದವರು ಇಷ್ಟಕ್ಕೆ ತೃಪ್ತರಾಗಲ್ಲ. ಅವರಿಗೊಂದು ಪ್ರೀತಿಯ ಪುರಾವೆ ಇದೆ: ಬಾರ್ನಿ ಆ ಓರೆ ಕಣ್ಣುಗಳನ್ನು ಬಣ್ಣಿಸಿದ್ದು 1964ರ ಫೆಬ್ರವರಿ 22ರಂದು, ಅಂಥದ್ದೇ ಕಣ್ಣಿನ ಏಲಿಯನ್ ಇದ್ದ ಟಿವಿ ಕಾರ್ಯಕ್ರಮ ಪ್ರಸಾರವಾದದ್ದು ಅದೇ ತಿಂಗಳ 10ರಂದು. ಚೆನ್ನಾಗಿದೆ. ಆದರೆ ಬಾರ್ನಿ ಅದನ್ನು ನೋಡಿದ್ದರು ಅನ್ನುವುದಕ್ಕೆ ಆಧಾರ ಎಲ್ಲಿ? ಅಂಥ ಕಾರ್ಯಕ್ರಮದ ಹೆಸರೇ ಕೇಳಿಲ್ಲ ಅಂತ ಬೆಟ್ಟಿ ಆಮೇಲೆ ಹೇಳಿದ್ದರು. ಪುರಾವೆ ಕೊಡಿ, ಪುರಾವೆ ಕೊಡಿ ಅಂತ ಊರೆಲ್ಲ ಕೇಳುವವರು ತಮ್ಮ ಸರದಿ ಬಂದಾಗ ಇಷ್ಟಕ್ಕೇ ಸಮಾಧಾನಪಟ್ಟುಕೊಂಡರೆ ಹೇಗೆ?

ನಿದ್ರಾ ಪಾರ್ಶ್ವವಾಯುವಿನ ಮಾತೂ ಅಷ್ಟೇ. ಕನಸು ಬೀಳುವ ಹಂತದಲ್ಲಿ ಮೆದುಳು ಮೈಕೈ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಅದು ಸರಿಹೋಗುವ ಮೊದಲೇ ಎಚ್ಚರವಾದರೆ ಕಣ್ಣು ತೆರೆದಿರುತ್ತದೆ, ಮೈ ಅಲ್ಲಾಡಲ್ಲ, ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದೆ. ಹಾಸಿಗೆಯಲ್ಲಿ ಶುರುವಾಗುವ ಎಷ್ಟೋ ಕಥೆಗಳಿಗೆ ಇದು ಸರಿಯಾದ ವಿವರಣೆ. ಆದರೆ ಬಾರ್ನಿ ಕಾರು ಓಡಿಸುತ್ತಿದ್ದರು. 1973ರಲ್ಲಿ ಮಿಸಿಸಿಪ್ಪಿಯ ಪ್ಯಾಸ್ಕಗೂಲಾದಲ್ಲಿ ಚಾರ್ಲ್ಸ್ ಹಿಕ್ಸನ್ ಮತ್ತು ಕ್ಯಾಲ್ವಿನ್ ಪಾರ್ಕರ್ ನದಿ ದಡದಲ್ಲಿ ಮೀನು ಹಿಡಿಯುತ್ತಿದ್ದಾಗಲೇ ತಮ್ಮನ್ನು ಎತ್ತಿಕೊಂಡು ಹೋದರು ಅಂದರು. ಇವರನ್ನೂ ಮಲಗಿಸಿಬಿಡುವುದು ಸೋಮಾರಿತನ.

ಆ ಇಬ್ಬರನ್ನು ಪೊಲೀಸರು ಒಂದು ಕೋಣೆಯಲ್ಲಿ ಬಿಟ್ಟು, ಟೇಪ್ ರೆಕಾರ್ಡರ್ ಬಚ್ಚಿಟ್ಟು ಹೊರಗೆ ಹೋದರು. ಸುಳ್ಳಾದರೆ ಈಗ ಬಾಯಿ ಬಿಡುತ್ತಾರೆ ಅಂತ ಲೆಕ್ಕ. ಅವರು ನಗಲಿಲ್ಲ. ಹೆದರಿದ ದನಿಯಲ್ಲಿ ಅದನ್ನೇ ಮಾತಾಡಿಕೊಂಡರು. ಪಾರ್ಕರ್ ದೇವರನ್ನು ಕರೆಯತೊಡಗಿದರು.

"ನೋಡಿದ್ರಾ! ಅಷ್ಟು ಭಯ ಸುಮ್ನೆ ಬರುತ್ತಾ?" ಅಂತ ಈಗ ನಂಬುವವರು ಎದ್ದು ನಿಲ್ಲುತ್ತಾರೆ. ಬರುತ್ತೆ. ಹಾರ್ವರ್ಡ್‌ನವರೇ ಆದ ರಿಚರ್ಡ್ ಮೆಕ್‌ನ್ಯಾಲಿ ಅನ್ನುವ ಮನಶ್ಶಾಸ್ತ್ರಜ್ಞರು 2004ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಪಹರಣಕ್ಕೆ ಒಳಗಾದೆವು ಅನ್ನುವವರಿಗೆ ಅವರದೇ ಕಥೆಯನ್ನು ಧ್ವನಿಮುದ್ರಿಸಿ ಕೇಳಿಸಿ, ಎದೆಬಡಿತ, ಬೆವರು ಅಳೆದರು. ನಿಜವಾದ ಆಘಾತ ಅನುಭವಿಸಿ ನರಳುತ್ತಿರುವವರಲ್ಲಿ ಎಷ್ಟು ಏರುಪೇರು ಕಾಣುತ್ತದೋ ಇವರಲ್ಲೂ ಹೆಚ್ಚುಕಮ್ಮಿ ಅಷ್ಟೇ ಕಂಡಿತು. ಆದದ್ದು ನಿಜವೋ ಅಲ್ಲವೋ ಮೈಗೆ ಗೊತ್ತಾಗಲ್ಲ. ಆಗಿದೆ ಅಂತ ಮನಸ್ಸು ಒಪ್ಪಿದ್ದರೆ ಬೆವರಲು ಅಷ್ಟು ಸಾಕು. ರೈಲಿನವರಿಗೂ ಇದನ್ನು ಹೇಳಿದೆ. "ಹಾರ್ವರ್ಡ್‌ನವರೇ ಪ್ರೂವ್ ಮಾಡಿದಾರೆ ಅಂತಾಯ್ತಲ್ಲ ಸರ್" ಅಂದರು. ನಾನು ಹೊದಿಕೆ ಎಳೆದುಕೊಂಡೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಯಾರೂ ಕೇಳಲ್ಲ, ಹಾಗಾಗಿ ನಾನೇ ಕೇಳಿಕೊಳ್ಳುತ್ತೇನೆ: ಇವರ ಕಥೆಯನ್ನು ಎದುರು ಕೂತು ಕೇಳಿದವರು ಯಾರು? ಅವರು ಏನಂತ ಕೇಳಿದರು?

ಹಿಲ್ ದಂಪತಿಯ "ಕಳೆದುಹೋದ ಎರಡು ಗಂಟೆ"ಯನ್ನೇ ತಗೊಳ್ಳಿ, ಅಂದರೆ ಆ ರಾತ್ರಿ ಮನೆ ಸೇರಲು ಹೆಚ್ಚಿಗೆ ಹಿಡಿದ, ಲೆಕ್ಕಕ್ಕೆ ಸಿಗದ ಹೊತ್ತು. ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಆದರೆ ಅದು ದೊಡ್ಡ ವಿಷಯವಾದದ್ದು ಆ ರಾತ್ರಿಯಲ್ಲ. ನವೆಂಬರ್‌ನಲ್ಲಿ ಮನೆಗೆ ಬಂದು ವಿಚಾರಿಸಿದವರು, ಅಷ್ಟು ದೂರ ಬರಲು ಇಷ್ಟು ಹೊತ್ತು ಯಾಕಾಯಿತು ಅಂತ ಕೇಳಿದ ಮೇಲೆ. ದಾರಿಯಲ್ಲಿ ಅವರು ಎಷ್ಟು ಸಲ ನಿಲ್ಲಿಸಿದ್ದರು, ಎಷ್ಟು ನಿಧಾನ ಬಂದರು ಅಂತ ಎರಡು ತಿಂಗಳ ಮೇಲೆ ಲೆಕ್ಕ ಹಾಕಿ ನೋಡಿ.

1991ರಲ್ಲಿ ರೋಪರ್ ಅನ್ನುವ ಸಂಸ್ಥೆ ಮಾಡಿದ ಜನಾಭಿಪ್ರಾಯ ಸಮೀಕ್ಷೆ ಇನ್ನೂ ಚೆಂದ. ಸುಮಾರು 6000 ಅಮೆರಿಕನ್ನರನ್ನು ಕೇಳಿದರು. ಏನಂತ? ಎಚ್ಚರವಾದಾಗ ಮೈ ಅಲ್ಲಾಡದೆ ಕೋಣೆಯಲ್ಲಿ ಯಾರೋ ಇದ್ದ ಹಾಗೆ ಅನ್ನಿಸಿದ್ದುಂಟಾ? ಒಂದು ಗಂಟೆಯೋ ಜಾಸ್ತಿಯೋ ಹೊತ್ತು ಲೆಕ್ಕಕ್ಕೆ ಸಿಗದೆ ಹೋದದ್ದುಂಟಾ? ಹಾರಿದ ಹಾಗೆ ಅನ್ನಿಸಿತ್ತಾ? ಕೋಣೆಯಲ್ಲಿ ಬೆಳಕಿನ ಉಂಡೆ ಕಂಡಿತ್ತಾ? ಹೇಗೆ ಆಯಿತು ಅಂತ ಗೊತ್ತಿಲ್ಲದ ಗಾಯದ ಗುರುತು ಇದೆಯಾ? ಐದರಲ್ಲಿ ನಾಲ್ಕಕ್ಕೆ ಹೌದು ಅಂದವರೆಲ್ಲ ಅಪಹರಣಕ್ಕೆ ಒಳಗಾಗಿರಬಹುದಾದವರು! ನೂರಕ್ಕೆ ಇಬ್ಬರು ಸಿಕ್ಕರು. ಅದನ್ನು ಇಡೀ ದೇಶಕ್ಕೆ ಗುಣಿಸಿ 37 ಲಕ್ಷ ಅಂತ ಸಾರಿದರು. "ನಿಮ್ಮನ್ನು ಏಲಿಯನ್‌ಗಳು ಎತ್ತಿಕೊಂಡು ಹೋಗಿದ್ದವಾ?" ಅಂತ ಆ ಜನರನ್ನು ಯಾರೂ ಕೇಳಿರಲಿಲ್ಲ.

ಆ ಸಮೀಕ್ಷೆಯ ಹಿಂದೆ ಇದ್ದವರಲ್ಲಿ ಬಡ್ ಹಾಪ್ಕಿನ್ಸ್ ಮತ್ತು ಡೇವಿಡ್ ಜೇಕಬ್ಸ್ ಮುಖ್ಯರು. ಹಾಪ್ಕಿನ್ಸ್ ಚಿತ್ರಕಲಾವಿದ. ಜೇಕಬ್ಸ್ ಇತಿಹಾಸದ ಪ್ರೊಫೆಸರ್. ಇಬ್ಬರೂ ಜನರನ್ನು ಹಿಪ್ನಾಟೈಸ್ ಮಾಡಿ ಕಥೆ ಸಂಗ್ರಹಿಸಿದರು. ಇವರ ಎದುರು ಕೂತವರ ಏಲಿಯನ್‌ಗಳು ನಿರ್ದಯಿಗಳು. ಮನುಷ್ಯರಿಂದ ಮಿಶ್ರ ಸಂತಾನ ಹುಟ್ಟಿಸುವುದೇ ಅವುಗಳ ಕೆಲಸ. ಮ್ಯಾಕ್ ಎದುರು ಕೂತವರ ಏಲಿಯನ್‌ಗಳೂ ಅದನ್ನು ಮಾಡುತ್ತವೆ, ಆದರೆ ಜೊತೆಗೆ ಭೂಮಿ ಹಾಳಾಗುತ್ತಿದೆ ಅಂತ ಎಚ್ಚರಿಸುತ್ತವೆ, ಮನಸ್ಸನ್ನು ದೊಡ್ಡದು ಮಾಡುತ್ತವೆ. ಅದೇ ಬೂದು ಮೈ, ಅದೇ ದೊಡ್ಡ ಕಣ್ಣು. ಕೇಳುವವರು ಬದಲಾದ ಕೂಡಲೇ ಅವುಗಳ ಸ್ವಭಾವವೂ ಬದಲಾಯಿತು. ಇದು ಯಾರಿಗೂ ವಿಚಿತ್ರ ಅನ್ನಿಸಲ್ವಾ?

ಹಿಪ್ನಾಟಿಸಂನಲ್ಲಿ ನೆನಪಾದದ್ದು ಮಾಮೂಲಿ ನೆನಪಿಗಿಂತ ನಂಬಿಕೆಗೆ ಅರ್ಹ ಏನಲ್ಲ ಅಂತ ಅಮೆರಿಕದ ವೈದ್ಯರ ಸಂಘ 1985ರಲ್ಲೇ ಹೇಳಿತ್ತು. ನೆನಪಿಗೆ ಬರುವ ವಿವರ ಜಾಸ್ತಿಯಾಗುತ್ತದೆ, ತಪ್ಪು ವಿವರವೂ ಜಾಸ್ತಿಯಾಗುತ್ತದೆ, ಹೇಳುವವರ ಧೈರ್ಯವೂ ಏರುತ್ತದೆ. ಮೋಸ ಯಾರೂ ಮಾಡಬೇಕಾಗಿಲ್ಲ. "ಆಮೇಲೆ ಅವರು ನಿಮ್ಮನ್ನು ಏನು ಮಾಡಿದರು?" ಅಂತ ಮೆಲ್ಲಗೆ ಕೇಳಿದರೂ ಸಾಕು. "ಅವರು" ಅನ್ನೋರು ಆ ಪ್ರಶ್ನೆಯಲ್ಲೇ ಬಂದು ಕೂತಿರುತ್ತಾರೆ.

ಹಾಗಾಗಿ ಈ ಜಗಳದಲ್ಲಿ ನನಗೆ ಗೌರವ ಇರುವುದು ಸೈಮನ್ ಮೇಲೆ. ಅವರೂ ಹಿಪ್ನಾಟಿಸಂ ಬಳಸಿದವರೇ. ಅದರಲ್ಲಿ ಹೊರಬಂದದ್ದು ರೋಗಿಯ ಪಾಲಿಗೆ ನಿಜ, ಹಾಗಂತ ಅದು ನಡೆದೇ ಇತ್ತು ಅನ್ನೋಕಾಗಲ್ಲ ಅಂತ ಅವರಿಗೆ ಗೊತ್ತಿತ್ತು. ಆ ಗಂಡ ಹೆಂಡತಿ ಬಂದದ್ದು ನೆಮ್ಮದಿ ಬೇಕು ಅಂತ. ಸೈಮನ್ ಅದಕ್ಕೆ ಬೇಕಾದ ಕೆಲಸ ಮಾಡಿದರು. ಹಿಲ್ ದಂಪತಿ ಕೊನೆಯವರೆಗೂ ತಮ್ಮ ಕಥೆ ಬಿಡಲಿಲ್ಲ. ಸೈಮನ್ ತಮ್ಮ ಅಭಿಪ್ರಾಯ ಬಿಡಲಿಲ್ಲ. 1966ರಲ್ಲಿ ಜಾನ್ ಫುಲ್ಲರ್ ಆ ಘಟನೆಯ ಬಗ್ಗೆ ಪುಸ್ತಕ ಬರೆದಾಗ ಬೆಟ್ಟಿ, ಬಾರ್ನಿ ಇಬ್ಬರೂ ಸೆಷನ್ ಟೇಪ್‌ಗಳನ್ನು ಬಳಸಲು ಒಪ್ಪಿದರು. ಅದಕ್ಕೆ ಮುನ್ನುಡಿ ಬರೆದವರು ಸೈಮನ್.