ಭೂತನಾಥನ ಹಿಂದೆ ಮುಳುಗಿದ ಸೂರ್ಯ

ಬಾದಾಮಿಗೆ ಹೋಗುವ ಫೋಟೋ ಹುಚ್ಚಿನವರೆಲ್ಲ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ನಿಂತು ಒಂದೇ ಫೋಟೋ ತೆಗೆಯುತ್ತಾರೆ. ಎದುರಿಗೆ ಕೆರೆ, ಆಚೆ ದಡದಲ್ಲಿ ಭೂತನಾಥ ಗುಡಿ, ಅದರ ಬೆನ್ನಿಗೆ ಕೆಂಪು ಗುಡ್ಡ. ನಾವೂ ಅದನ್ನೇ ತೆಗೆದೆವು. ಅದಕ್ಕೆಂದೇ ಬೆಂಗಳೂರಿನಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ದು. ಬ್ಯಾಂಕು, ಕಾಲೇಜು, ಸಾಫ್ಟ್‌ವೇರು ಅಂತ ಬೇರೆ ಬೇರೆ ಕಡೆ ದುಡಿಯುವ ನಮ್ಮ ಗುಂಪಿಗೆ ಈ ಸಲ ಒಂದು ಆಟ ಹೊಳೆದಿತ್ತು: ಒಬ್ಬರು ತೆಗೆದ ಒಂದೇ ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಇಟ್ಟ ಹಸಿ ಫೈಲು) ಎಲ್ಲರೂ ಹಂಚಿಕೊಂಡು ತಮತಮಗೆ ತೋಚಿದಂತೆ ಎಡಿಟ್ ಮಾಡುವುದು.

ಸಂಜೆ ಐದರ ಮೇಲೆ ಈ ಕೆರೆಗೆ ಬೇರೆಯದೇ ಕಳೆ. ಉತ್ತರಕ್ಕೂ ದಕ್ಷಿಣಕ್ಕೂ ಬಂಡೆಯ ಗೋಡೆ, ಪೂರ್ವದಲ್ಲಿ ಗುಡಿ. ಪಶ್ಚಿಮ ಮಾತ್ರ ಊರಿನ ಕಡೆಗೆ ತೆರೆದಿದೆ. ಹಾಗಾಗಿ ಇಳಿಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು ನೇರ ಗುಡಿಯ ಕಂಬಗಳಿಗೆ ಬೀಳುತ್ತದೆ. ಒಳಗಿನ ಗರ್ಭಗುಡಿ ಬಾದಾಮಿ ಚಾಲುಕ್ಯರದು, ನೀರಿನತ್ತ ಚಾಚಿದ ಮಂಟಪ ಕಲ್ಯಾಣ ಚಾಲುಕ್ಯರ ಕಾಲದ್ದು. ಆ ಬೆಳಕಿನಲ್ಲಿ ಎರಡೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಆ ಸಪ್ಪಳ ಎದುರಿನ ಬಂಡೆಗೆ ಬಡಿದು ವಾಪಸು ಬರುತ್ತಿತ್ತು. ಫ್ರೇಮಿನಿಂದ ಅವರನ್ನು ಹೊರಗಿಡಲು ನಮ್ಮವರೊಬ್ಬರು ಪಟ್ಟ ಪಾಡು ನೋಡಿ ನನಗೆ ಕಿರಿಕಿರಿಯಾಯಿತು. ಒಣಹಾಕಿದ ಸೀರೆಗಳಿಲ್ಲದ ಅಗಸ್ತ್ಯ ತೀರ್ಥ ನನಗೇನೂ ರುಚಿಸುವುದಿಲ್ಲ.

ರಾತ್ರಿ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಮುಗಿಸಿ ಲಾಡ್ಜಿಗೆ ಬಂದು ಲ್ಯಾಪ್‌ಟಾಪ್ ತೆರೆದೆವು. ಮೊದಲ ಜಗಳ ಕಲ್ಲಿನ ಬಣ್ಣದ್ದು. ಬೆಳಕು ನೋಡಿ ಬಣ್ಣವನ್ನು ತಾನೇ ಹೊಂದಿಸುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್‌ಗೆ ಇಷ್ಟೊಂದು ಕೆಂಪು ಕಂಡರೆ ಅನುಮಾನ. ತಾನೇ ತಣ್ಣಗೆ ಮಾಡಿ ಬಂಡೆಯನ್ನು ಬೂದಿ ಬಣ್ಣಕ್ಕೆ ತಂದುಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಕೈಯಾರೆ ಹಗಲು ಬೆಳಕಿನ ಅಳತೆಗೆ, 5500 ಕೆಲ್ವಿನ್ ಸುಮಾರಿಗೆ ಇಟ್ಟಾಗ ಮರಳುಗಲ್ಲಿನ ಕಬ್ಬಿಣದ ಕೆಂಪು ತಿರುಗಿ ಬಂತು. ಒಬ್ಬರು ಅಲ್ಲಿಗೆ ನಿಲ್ಲಿಸಿದರು. ಇನ್ನೊಬ್ಬರು ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸುತ್ತ ಏರಿಸುತ್ತ ಗುಡ್ಡವನ್ನು ಕುಂಕುಮದ ರಾಶಿ ಮಾಡಿದರು. ರಾ ಫೈಲಿನ ಸೊಗಸೂ ಅಪಾಯವೂ ಇದೇ: ಮಾಮೂಲಿ ಜೆಪೆಗ್ ಫೋಟೋದಲ್ಲಿ ಒಂದೊಂದು ಬಣ್ಣಕ್ಕೆ ಕಪ್ಪಿನಿಂದ ಬೆಳಕಿನವರೆಗೆ 256 ಮೆಟ್ಟಿಲಾದರೆ 14 ಬಿಟ್‌ನ ರಾ ಫೈಲಿನಲ್ಲಿ 16,384. ಎಷ್ಟು ಎಳೆದರೂ ಹರಿಯುವುದಿಲ್ಲ, ಹಾಗಾಗಿ ಎಳೆಯುತ್ತಲೇ ಇರುತ್ತೇವೆ. ನಮ್ಮ ಸಾಫ್ಟ್‌ವೇರ್ ಗೆಳೆಯನಂತೂ ಬಿಳಚಿದ ಆಕಾಶವನ್ನೇ ಕಿತ್ತು, ಮೋಡ ತುಂಬಿದ ಕೇಸರಿ ಸೂರ್ಯಾಸ್ತವೊಂದನ್ನು ಗುಡಿಯ ಹಿಂದೆ ಕೂರಿಸಿದ. ಎಲ್ಲರೂ ‘ಆಹಾ’ ಅಂದರು.

ಮರುದಿನ ಕಾರ್ಡ್ ರೀಡರ್ ಕೈಕೊಟ್ಟಿತು. ಪೇಟೆಯ ಹಳೇ ಸ್ಟುಡಿಯೋ ಒಂದಕ್ಕೆ ಹೋದೆವು. ಮಾಲೀಕರಿಗೆ ಎಪ್ಪತ್ತರ ಮೇಲಾಗಿರಬೇಕು. ರೀಡರ್ ಹುಡುಕಿ ಕೊಟ್ಟು, ಲ್ಯಾಪ್‌ಟಾಪಿನ ಪರದೆಯತ್ತ ಬಗ್ಗಿದರು.

“ಅಲ್ರೀ ಸರ, ನಮ್ಮೂರಾಗ ಸೂರ್ಯಾ ಯಾವಾಗಿಂದ ಭೂತನಾಥನ ಹಿಂದ ಮುಳುಗಾಕ ಹತ್ಯಾನ?”

ಗೆಳೆಯ ನಕ್ಕ. “ಹೋಗ್ಲಿ ಬಿಡಿ ಸರ್, ಸೂರ್ಯೋದಯ ಅಂತ ಹಾಕ್ತೀನಿ.”

“ಉದಯಕ್ಕ ಗುಡಿ ಮಾರಿಗೆ ಬಿಸಲು ಬೀಳಂಗಿಲ್ರೀ. ಆವಾಗ ಅದು ಕರ್ರಗಿರತೈತಿ. ನಿಮ್ಮ ಫೋಟೋದಾಗ ನೋಡ್ರಿ, ಕಂಬೆಲ್ಲಾ ಬಂಗಾರ ಆಗ್ಯಾವ. ಮುಂದನೂ ಒಬ್ಬ ಸೂರ್ಯಾ, ಹಿಂದನೂ ಒಬ್ಬ ಸೂರ್ಯಾ!”

ನಾವೆಲ್ಲ ಆ ಮೆಟ್ಟಿಲ ಮೇಲೆ ತಾಸುಗಟ್ಟಲೆ ನಿಂತವರು. ಬಿಸಿಲು ನಮ್ಮ ಕತ್ತಿನ ಹಿಂಭಾಗವನ್ನು ಸುಟ್ಟಿತ್ತು. ಆದರೂ ಒಬ್ಬರಿಗೂ ಹೊಳೆದಿರಲಿಲ್ಲ. ಎಡಿಟಿಂಗ್ ಅಂದರೇ ಆಗದ ಹಳಬರಿರಬೇಕು ಅಂದುಕೊಂಡೆ. ಅದೂ ಅಲ್ಲ. ಕಪ್ಪು-ಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ರಿಟಚಿಂಗ್ ಮಾಡುತ್ತಿದ್ದವರು ಅವರು. ಹೆಣ್ಣು ತೋರಿಸುವ ಫೋಟೋಗಳಲ್ಲಿ ಸಿಡುಬಿನ ಕಲೆ ಅಳಿಸಿದ್ದಕ್ಕೆ ಲೆಕ್ಕವಿಲ್ಲವಂತೆ.

“ಅದೂ ಸುಳ್ಳೇ ಅಲ್ವಾ?” ಗೆಳೆಯ ಬಿಡಲಿಲ್ಲ. ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಬಣ್ಣದ ಪರದೆಯನ್ನೂ ತೋರಿಸಿದ. “ಇದ್ರಲ್ಲಿ ಹಿಮದ ಬೆಟ್ಟ ಇದೆ. ಜನಾನ ಇದರ ಮುಂದೆ ನಿಲ್ಲಿಸಿ ತೆಗೀತಿದ್ರಿ ಅಲ್ವಾ ಸರ್?”

“ಹೌದ್ರೀ. ಅದು ಪರದೆ ಅಂತ ಫೋಟೋ ತಗಿಸಿಕೊಂಡವ್ರಿಗೂ ಗೊತ್ತಿತ್ತು, ನೋಡಾವ್ರಿಗೂ ಗೊತ್ತಿತ್ತು. ಯಾರೂ ಕಾಶ್ಮೀರಕ್ಕ ಹೋಗಿ ಬಂದೀನಿ ಅಂತ ಹೇಳ್ತಿದ್ದಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಸಿಡುಬಿನ ಕಲಿ ತಗದಿದ್ದು ಮಾತ್ರ ನೀವು ಹೇಳಿದಂಗ. ಅದಕ್ಕ ಉತ್ತರ ಇಲ್ಲ ನನ್ನ ಕಡೆ” ಅಂದರು.

ಚಹಾ ತರಿಸಿದರು. ತಮ್ಮ ಮೊಬೈಲಿನಲ್ಲಿದ್ದ ಕೆರೆಯ ಫೋಟೋ ತೋರಿಸಿ, ಅಡ್ಡ ಬಂದ ಕರೆಂಟ್ ವೈರು ತೆಗೆಯಲು ಬರುತ್ತದೆಯೇ ಎಂದು ಕೇಳಿದರು. ಗೆಳೆಯ ಸ್ನ್ಯಾಪ್‌ಸೀಡ್ ಅನ್ನುವ ಎಡಿಟಿಂಗ್ ಆ್ಯಪ್ ಹಾಕಿಕೊಟ್ಟು ಬೆರಳಲ್ಲಿ ಒರೆಸುವುದು ಕಲಿಸಿದ. ಅವರು ನಮ್ಮೆಲ್ಲರಿಗಿಂತ ನಾಜೂಕಾಗಿ ಒರೆಸಿದರು. ಪೆನ್ಸಿಲ್ ಹಿಡಿದ ಕೈ.

ಪಟ್ಟದಕಲ್ಲು, ಐಹೊಳೆ ಎರಡನ್ನೂ ನೋಡಿದೆವು. ನನ್ನ ತಲೆಯಲ್ಲಿ ಇನ್ನೂ ಪೆನ್ಸಿಲ್ಲೇ ಆಡುತ್ತಿತ್ತು.

ಹೋಗುವವರಿಗೆ ಒಂದು ಮಾತು, ಹೊಟ್ಟೆಯುರಿಯಿಂದಲೇ ಹೇಳುತ್ತೇನೆ. ಶಕ 500, ಅಂದರೆ 578ರ ಶಾಸನವಿರುವ ಮೂರನೇ ಗುಹೆಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣುವಿನ ಪಕ್ಕ ನಾನು ನಿಂತ ಚಿತ್ರ ನಮ್ಮವರೊಬ್ಬರ ಕ್ಯಾಮೆರಾದಲ್ಲಿತ್ತು. ಅದನ್ನು ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಹಾಗೆ ಕಳಿಸಿ, ಕಾರ್ಡನ್ನು ಫಾರ್ಮ್ಯಾಟ್ ಮಾಡಿಬಿಟ್ಟರು ಮಹಾರಾಯರು. ದೊಡ್ಡದು ಮಾಡಿದರೆ ವಿಷ್ಣುವಿನ ಮುಖ ಬರೀ ಚೌಕಗಳು. ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಫೈಲು ಇದ್ದಂತೆಯೇ ಬರುತ್ತದೆ. ಎಚ್‌ಡಿ ಒತ್ತಿದರೂ ಮೂಲದಷ್ಟು ಬರುವುದಿಲ್ಲ. ಎಲ್ಲರಿಗೂ ತಲುಪಿತೆಂದು ಖಾತ್ರಿಯಾಗುವ ತನಕ ಯಾರ ಕಾರ್ಡನ್ನೂ ಅಳಿಸಗೊಡಬೇಡಿ.

ಗೆಳೆಯನ ಎರಡು ಸೂರ್ಯರ ಚಿತ್ರವೂ ಅದೇ ವಾಟ್ಸಾಪಿನಲ್ಲಿ ಊರೂರು ಸುತ್ತುತ್ತಿದೆ. ಆಕಾಶ ಕತ್ತರಿಸಿದಾಗ ಶಿಖರದ ಅಂಚಿಗೆ ಉಳಿದಿದ್ದ ಬಿಳಿ ಗೆರೆ ಫೈಲು ಕುಗ್ಗುತ್ತ ಕುಗ್ಗುತ್ತ ಅಳಿಸಿಹೋಗಿ, ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಮೊನ್ನೆ ನಮ್ಮ ಚಿಕ್ಕಮ್ಮನೇ ಅದನ್ನು ನನಗೆ ಫಾರ್ವರ್ಡ್ ಮಾಡಿ, “ನೀನೂ ಬಾದಾಮಿಗೆ ಹೋಗಿದ್ದೆಯಲ್ಲ, ಇಂಥದ್ದು ಒಂದೂ ತೆಗೀಲಿಲ್ವಾ?” ಅಂತ ಕೇಳಿದ್ದಾರೆ.