ನೀಲಿ ಕೂದಲಿನ ಹುಡುಗ

2003ರಲ್ಲಿ ಆರಂಭವಾದ ‘ಸೆಕೆಂಡ್ ಲೈಫ್’ ಎಂಬ ಆನ್‌ಲೈನ್ ಲೋಕದಲ್ಲಿ ಆರು ತಿಂಗಳಿಂದ ಪರಿಚಯವಿರುವ ನೀಲಿ ಕೂದಲಿನ ಅವತಾರವೊಂದನ್ನು (ತೆರೆಯ ಮೇಲೆ ಜನ ತೊಡುವ ವೇಷ) ಬೆಂಗಳೂರಿನ ಯಾವನೋ ಕಾಲೇಜು ಹುಡುಗನೆಂದೇ ತಿಳಿದು, ಶಿವಮೊಗ್ಗದಲ್ಲಿ ಕುಳಿತು ‘ಏನೋ ತಮ್ಮಾ’ ಎಂದು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ನಿನ್ನೆ ಅಕಾಲದ ಮಳೆ ಹನಿಯತೊಡಗಿದಾಗ ‘ಚಪ್ಪರದ ಅಡಿಕೆಗೆ ಟಾರ್ಪಾಲು ಹೊದಿಸಿ ಬರುತ್ತೇನೆ’ ಎಂದು ಬರೆದವರು ತೀರ್ಥಹಳ್ಳಿ ಕಡೆಯ, ಅರವತ್ತು ದಾಟಿದ ಹೆಂಗಸು!

ಎತ್ತರದ ಅವತಾರ ದೊರೆತವರು ಚೌಕಾಸಿಯಲ್ಲಿ ಹೆಚ್ಚು ದಿಟ್ಟರಾಗುವುದನ್ನು 2007ರ ಪ್ರಬಂಧವೊಂದರಲ್ಲಿ ತೋರಿಸಿದ ಸಂಶೋಧಕರಾದ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ ಅದನ್ನು ‘ಪ್ರೋಟಿಯಸ್ ಪರಿಣಾಮ’ ಎಂದು ಕರೆದರು. ಅದು ವೇಷ ತೊಟ್ಟವರ ಮಾತಾಯಿತು. ನೋಡುತ್ತ ಕುಳಿತ ನನ್ನ ಕಣ್ಣಿನ ಐಬಿಗೆ ಏನೆನ್ನಬೇಕೋ.

ಇಂದು ಬೆಳಿಗ್ಗೆಯೂ ಆ ಕೂದಲು ಕಂಡೊಡನೆ ಬೆರಳು ‘ಏನೋ’ ಎಂದೇ ಟೈಪಿಸಿತ್ತು. ಅಳಿಸಿ, ‘ಅಮ್ಮಾ, ಅಡಿಕೆ ನೆನೆಯಲಿಲ್ಲವಷ್ಟೇ?’ ಎಂದು ಬರೆದೆ.